ನಕ್ಷತ್ರದ ತಿರುಳಿನಲ್ಲಿ ಅಡಗಿದ ಕಾಂತಕ್ಷೇತ್ರ



ರೋಹಿಣಿ, ಸ್ವಾತಿ ಎಂದರೆ ನಮ್ಮ ರೈತರಿಗೆ ಮಳೆಯ ಲೆಕ್ಕ. ಆಕಾಶದಲ್ಲಿ ಇವೆರಡೂ ಮುಪ್ಪಿಗೆ ಬಂದ ಕೆಂಪು ದೈತ್ಯಗಳು. ತಿರುಳಿನ ಹೈಡ್ರೋಜನ್ ತೀರಿದ ಮೇಲೆ ನಕ್ಷತ್ರದ ತಿರುಳು ಕುಗ್ಗುತ್ತದೆ, ಹೊರಮೈ ಹತ್ತಾರು ಪಟ್ಟು ಉಬ್ಬುತ್ತದೆ. ಸುಮಾರು 500 ಕೋಟಿ ವರ್ಷಗಳಲ್ಲಿ ನಮ್ಮ ಸೂರ್ಯನೂ ಹೀಗೇ ಆಗುತ್ತಾನೆ.

ನಮ್ಮ ಕಣ್ಣಿಗೆ ಬೀಳುವುದು ಹೊರಮೈಯ ಬೆಳಕು ಮಾತ್ರ. ಹಾಗಾದರೆ ತಿರುಳಿನ ಸಂಗತಿ ತಿಳಿಯುವುದು ಹೇಗೆ? ಮಾರಿಕಣಿವೆ ಅಣೆಕಟ್ಟಿನ ನೀರುಂಡ ತೋಟಗಳಲ್ಲಿ ತೆಂಗಿನಕಾಯಿ ತಟ್ಟಿ, ಸದ್ದಿನಿಂದಲೇ ಒಳಗಿನ ಸ್ಥಿತಿ ಹೇಳುವವರಿದ್ದಾರೆ. ನಕ್ಷತ್ರವನ್ನು ಯಾರೂ ತಟ್ಟಬೇಕಿಲ್ಲ. ಹೊರಪದರದ ಕುದಿತವೇ ಅದನ್ನು ಸದಾ ಕಂಪಿಸುವಂತೆ ಮಾಡುತ್ತಿರುತ್ತದೆ. ಕಂಪನದೊಡನೆ ಬೆಳಕೂ ಅತಿ ಸೂಕ್ಷ್ಮವಾಗಿ ಏರಿಳಿಯುತ್ತದೆ. 2009ರಲ್ಲಿ ಹಾರಿದ ಕೆಪ್ಲರ್ ದೂರದರ್ಶಕ ರಾಜಹಂಸ, ವೀಣಾ ಪುಂಜಗಳ ಕಡೆಗೆ ನಾಲ್ಕು ವರ್ಷ ನೆಟ್ಟ ನೋಟದಲ್ಲಿದ್ದು ಈ ಏರಿಳಿತವನ್ನು ದಾಖಲಿಸಿತು.

ಕೆಂಪು ದೈತ್ಯದಲ್ಲಿ ಹೊರಪದರದ ಶಬ್ದದ ಅಲೆಗಳು ತಿರುಳಿನ ಅಲೆಗಳೊಡನೆ ಬೆರೆಯುತ್ತವೆ. ಹೀಗೆ ಒಳಗಿನ ಸುದ್ದಿ ಹೊರಗೆ ಬರುತ್ತದೆ. ತಿರುಳು ಸುತ್ತುತ್ತಿದ್ದರೆ ಒಂದು ಆವೃತ್ತಿ ಮೂರಾಗಿ ಒಡೆಯುತ್ತದೆ. ನಡುವಿನದಕ್ಕೆ ಅಕ್ಕಪಕ್ಕದವು ಸಮದೂರದಲ್ಲಿರುತ್ತವೆ. ಬಲವಾದ ಕಾಂತಕ್ಷೇತ್ರವಿದ್ದರೆ ಆ ಸಮದೂರ ಕೆಡಬಹುದು. 2022ರಲ್ಲಿ ಖಗೋಳ ವಿಜ್ಞಾನಿ ಗಾಂಗ್ ಲಿ ಮತ್ತು ಸಂಗಡಿಗರು ಮೂರು ಕೆಂಪು ದೈತ್ಯಗಳಲ್ಲಿ ಈ ವ್ಯತ್ಯಾಸ ಹಿಡಿದರು. ಅಳತೆಗೆ ಸಿಕ್ಕ ಕಾಂತಕ್ಷೇತ್ರ 30 ಸಾವಿರದಿಂದ 1 ಲಕ್ಷ ಗಾಸ್. ಭೂಮಿಯ ಮೇಲ್ಮೈಯಲ್ಲಿರುವುದು ಸುಮಾರು ಅರ್ಧ ಗಾಸ್!

ಇದರಿಂದ ಹಳೆಯ ಒಗಟೊಂದಕ್ಕೆ ದಾರಿ ಕಾಣುತ್ತಿದೆ. ಕುಗ್ಗಿದ ತಿರುಳು ಬಹಳ ವೇಗವಾಗಿ ಸುತ್ತಬೇಕಿತ್ತು. ಅಳೆದು ನೋಡಿದರೆ ಲೆಕ್ಕಕ್ಕಿಂತ ಎಷ್ಟೋ ನಿಧಾನ. ಅದಕ್ಕೆ ಕಡಿವಾಣ ಹಾಕಿದ್ದು ಕಾಂತಕ್ಷೇತ್ರವೇ ಇರಬಹುದು. ಸೂರ್ಯನಿಗಿಂತ ತುಸು ಭಾರವಾದ ನಕ್ಷತ್ರಗಳ ತಿರುಳು ಯೌವನದಲ್ಲಿ ಕುದಿಯುತ್ತಿರುತ್ತದೆ. ಆಗ ಹುಟ್ಟಿದ ಕ್ಷೇತ್ರ ಮುಪ್ಪಿನವರೆಗೆ ಉಳಿದು, ನಕ್ಷತ್ರದ ಕೊನೆಯ ಅವಶೇಷವಾದ ಶ್ವೇತಕುಬ್ಜಕ್ಕೂ ದಾಟಿರಬಹುದು.

ಕೆಂಪು ದೈತ್ಯಗಳ ಅಧ್ಯಯನ ನಮ್ಮ ನಾಡಿನಲ್ಲೂ ನಡೆದಿದೆ. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಈಶ್ವರ್ ರೆಡ್ಡಿಯವರಿದ್ದ ತಂಡ, ಸೂರ್ಯನಂಥ ನಕ್ಷತ್ರಗಳು ಮುಪ್ಪಿನಲ್ಲಿ ಲಿಥಿಯಂ ಹುಟ್ಟಿಸುತ್ತವೆಂದು 2020ರಲ್ಲಿ ತೋರಿಸಿತು.

ಕೆಪ್ಲರ್ ದಾಖಲೆಗಳು ಇಂದು ಎಲ್ಲರಿಗೂ ಉಚಿತ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕಾಲೇಜುಗಳ ಮಕ್ಕಳು ಒಂದು ಕಂಪ್ಯೂಟರಿನಲ್ಲಿ ನಕ್ಷತ್ರದ ಕಂಪನವನ್ನು ತಾವೇ ಬಿಡಿಸಿ ನೋಡಬಹುದು. ಗಣಿತ ಕಲಿಸಿ, ಜೊತೆಗೆ ಕೂರುವ ಮೇಷ್ಟ್ರು ಬೇಕು. ಇಲ್ಲಿರುವ ಅಧ್ಯಾಪಕರು ಈ ವರ್ಷವೇ ಅದನ್ನು ಶುರು ಮಾಡಲಿ ಎಂಬುದು ನನ್ನ ಮನವಿ.