ಹಲ್ಲಿನ ಡಾಕ್ಟರ್ ಅಂದ್ರೆ ಭಯನಾ? ಐವಿ ಸೆಡೇಶನ್ ಬಗ್ಗೆ ತಿಳ್ಕೊಳ್ಳಿ

ಡ್ರಿಲ್ ಸದ್ದು ಕೇಳಿದ್ರೇನೇ ಕೈಕಾಲು ತಣ್ಣಗಾಗೋರು ನಮ್ಮಲ್ಲಿ ಬಹಳ ಜನ. ಹೆದರಿ ಮುಂದೂಡ್ತಾ ಹೋದ್ರೆ, ಫಿಲ್ಲಿಂಗ್‌ನಲ್ಲಿ ಮುಗಿಯೋದು ಹಲ್ಲು ಕೀಳಿಸೋ ತನಕ ಬರುತ್ತೆ.

ಇಂಥವರಿಗೆ ಐವಿ ಸೆಡೇಶನ್ ಇದೆ. ಕೈಯ ನರಕ್ಕೆ ಸಾಮಾನ್ಯವಾಗಿ ಮಿಡಜೋಲಮ್ ಅನ್ನೋ ಔಷಧಿಯನ್ನ ಸ್ವಲ್ಪ ಸ್ವಲ್ಪವೇ ಕೊಡ್ತಾರೆ. ಕೆಲವೇ ನಿಮಿಷದಲ್ಲಿ ಮಂಪರು. ಪೂರ್ತಿ ಪ್ರಜ್ಞೆ ತಪ್ಪಿಸೋದಲ್ಲ ಇದು. "ಬಾಯಿ ತೆಗೀರಿ" ಅಂದ್ರೆ ತೆಗೀತೀರಿ, ಆಮೇಲೆ ನೆನಪು ಅಷ್ಟಾಗಿ ಉಳಿಯಲ್ಲ. ಇದು ಭಯಕ್ಕೆ ಮದ್ದು. ನೋವಿಗೆ ವಸಡಿನ ಇಂಜೆಕ್ಷನ್ ಬೇಕೇ ಬೇಕು.

ಒಪ್ಪೋ ಮುಂಚೆ ಮೂರು ಪ್ರಶ್ನೆ ಕೇಳಿ. ಉಸಿರಾಟ ಗಮನಿಸೋಕೆ ಅಂತಲೇ ತರಬೇತಿ ಪಡೆದವರು ಇರ್ತಾರಾ? ಪಲ್ಸ್ ಆಕ್ಸಿಮೀಟರ್, ಆಕ್ಸಿಜನ್ ಇದೆಯಾ? ಮಂಪರು ಹೆಚ್ಚಾದ್ರೆ ಇಳಿಸೋ ಫ್ಲುಮಾಜೆನಿಲ್ ಇದೆಯಾ? ಉತ್ತರ ತಡವರಿಸಿದ್ರೆ ಬೇರೆ ಕಡೆ ನೋಡಿ. ಗೊರಕೆ, ನಿದ್ದೆ ಮಾತ್ರೆ, ಕುಡಿತ ಇದ್ರೆ ಮುಚ್ಚಿಡಬೇಡಿ. ಉಸಿರು ತಗ್ಗೋ ಅಪಾಯ ಹೆಚ್ಚು.

ಇನ್ನೊಂದು. ಅವತ್ತು ಒಬ್ಬರೇ ಮನೆಗೆ ಹೋಗೋಹಾಗಿಲ್ಲ. 24 ಗಂಟೆ ಗಾಡಿ ಓಡಿಸಬಾರದು, ಯಾವ ಕಾಗದಕ್ಕೂ ಸಹಿ ಹಾಕಬಾರದು. ಮುಂಬೈ, ಪುಣೆಯಲ್ಲಿ ರೂಮ್ ಮಾಡ್ಕೊಂಡು ಒಂಟಿಯಾಗಿರೋರು ಅಪಾಯಿಂಟ್‌ಮೆಂಟ್ ತಗೊಳ್ಳೋ ಮೊದಲೇ ಒಬ್ಬ ಸ್ನೇಹಿತರನ್ನ ಗೊತ್ತುಮಾಡ್ಕೊಳ್ಳಿ. ಭಯಪಡೋದು ನಾಚಿಕೆ ವಿಷಯ ಅಲ್ಲ. ಡಾಕ್ಟರ್‌ಗೆ ಬಾಯ್ಬಿಟ್ಟು ಹೇಳಿ.