ಪೈಲಟ್ ಆಗುವವರ ಮನಸ್ಸಿನ ಪರೀಕ್ಷೆ



ನಮ್ಮ ಕಡೆ ಬೀಗರು ಮನೆ ನೋಡಲು ಬಂದಾಗ ಕೆಲವು ಮಾತು ಆಡುವುದಿಲ್ಲ. ಅಜ್ಜನ ಮೂರ್ಛೆರೋಗ, ಸೋದರತ್ತೆಗೆ ಧಾರವಾಡದಿಂದ ತರುವ ಗುಳಿಗೆ, ಇವು ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಈ ರೂಢಿಯಲ್ಲೇ ಬೆಳೆದ ಹೊಸರಿತ್ತಿಯ ಹುಡುಗನೊಬ್ಬ ಪೈಲಟ್ ಆಗಲು ಹೊರಟ ಎಂದಿಟ್ಟುಕೊಳ್ಳಿ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಪಾಸಾಗಿದೆ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಮಾರಿದ ದುಡ್ಡು ಸಾಲದೆ ಅಪ್ಪ ಹೊಲ ಒತ್ತಿ ಇಡಲು ತಯಾರಾಗಿದ್ದಾರೆ. ವೈದ್ಯಕೀಯ ಪರೀಕ್ಷೆಯ ಅರ್ಜಿಯಲ್ಲಿ ಒಂದು ಪ್ರಶ್ನೆ: ಹಿಂದೆ ಮನಸ್ಸಿನ ತೊಂದರೆಗೆ ಚಿಕಿತ್ಸೆ ಪಡೆದದ್ದುಂಟೇ? ಪರೀಕ್ಷೆಯ ವರ್ಷ ನಿದ್ದೆಗೆಟ್ಟು ಡಾಕ್ಟರ ಬಳಿ ಹೋದದ್ದು ಅವನಿಗೆ ನೆನಪಿದೆ. ಆದರೂ ಪೆನ್ನು ‘ಇಲ್ಲ’ ಎಂಬ ಕಡೆಗೇ ಸರಿಯುತ್ತದೆ.

ವಾಣಿಜ್ಯ ವಿಮಾನ ಹಾರಿಸುವವರಿಗೆ ಕ್ಲಾಸ್ 1 ವೈದ್ಯಕೀಯ ಪ್ರಮಾಣಪತ್ರ ಬೇಕು. ಈ ಪರೀಕ್ಷೆ ನಡೆಯುವ ಜಾಗಗಳಲ್ಲಿ ಬೆಂಗಳೂರಿನ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯೂ ಒಂದು. ಒಮ್ಮೆ ಪಾಸಾದರೆ ಮುಗಿಯಿತು ಎನ್ನುವಂತಿಲ್ಲ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಹೋಗಬೇಕು. ಅಂದರೆ ಸುಳ್ಳನ್ನೂ ವರ್ಷಕ್ಕೊಮ್ಮೆ ಹೇಳಬೇಕು.

ಹೀಗೆ ಮುಚ್ಚಿಟ್ಟದ್ದು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಒಂದು ಉದಾಹರಣೆ ಇದೆ. 2015ರ ಮಾರ್ಚ್ 24ರಂದು ಬಾರ್ಸಿಲೋನಾದಿಂದ ಹೊರಟ ಜರ್ಮನ್‌ವಿಂಗ್ಸ್ ಕಂಪನಿಯ ವಿಮಾನವನ್ನು ಅದರ ಸಹಪೈಲಟ್ ಆಲ್ಪ್ಸ್ ಪರ್ವತಕ್ಕೆ ಅಪ್ಪಳಿಸಿದ. ಸತ್ತವರು 150 ಜನ. ತರಬೇತಿಯ ಕಾಲದಲ್ಲೇ ಅವನಿಗೆ ಖಿನ್ನತೆ ಬಂದಿತ್ತು. ಆಗ ಚಿಕಿತ್ಸೆ ಪಡೆದು, ಗುಣವಾಗಿ, ಪ್ರಮಾಣಪತ್ರವನ್ನೂ ಪಡೆದಿದ್ದ. ಕಾಯಿಲೆ ಮರಳಿ ಬಂದಾಗ ಮಾತ್ರ ಮುಚ್ಚಿಟ್ಟ. ಡಾಕ್ಟರು ಬರೆದುಕೊಟ್ಟ ರಜೆಯ ಚೀಟಿ ಕಂಪನಿಗೆ ತಲುಪಲೇ ಇಲ್ಲ. ಹಾರಾಟ ನಿಂತರೆ ಸಂಬಳವೂ ಹೋಗುತ್ತದೆ ಎಂಬ ಭಯ ಬಾಯಿ ಕಟ್ಟಿಸುತ್ತದೆ ಎಂದು ತನಿಖೆಯ ವರದಿಯೇ ಹೇಳಿತು. ಖಿನ್ನತೆ ಬಂದವರೆಲ್ಲ ಹೀಗೆ ಮಾಡುತ್ತಾರೆಂದು ದಯವಿಟ್ಟು ತಿಳಿಯಬೇಡಿ. ಇಂಥದ್ದು ತೀರಾ ಅಪರೂಪ.

ಮುಚ್ಚಿಡುವ ತಪ್ಪು ಹುಡುಗರದ್ದು ಮಾತ್ರವಲ್ಲ ಅನ್ನುತ್ತೇನೆ. ನಿಜ ಹೇಳಿದವನ ಅನ್ನಕ್ಕೇ ಕಲ್ಲು ಬೀಳುವುದಾದರೆ ಯಾರು ಬಾಯಿ ಬಿಟ್ಟಾರು? ನಿಯಮಗಳು ಈಗೀಗ ಮೆತ್ತಗಾಗುತ್ತಿವೆ. ಅಮೆರಿಕ 2010ರಿಂದ ಖಿನ್ನತೆಯ ಕೆಲವು ಔಷಧ ತೆಗೆದುಕೊಳ್ಳುವವರಿಗೂ, ಸ್ಥಿತಿ ಹದಕ್ಕೆ ಬಂದಿದ್ದರೆ, ಹಾರಲು ಅವಕಾಶ ಕೊಟ್ಟಿದೆ. ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2023ರಲ್ಲಿ ಪೈಲಟ್‌ಗಳ ಮಾನಸಿಕ ಆರೋಗ್ಯದ ಬಗ್ಗೆ ಸುತ್ತೋಲೆ ಹೊರಡಿಸಿ, ಜೊತೆಯ ಪೈಲಟ್‌ಗಳೇ ಕಿವಿಗೊಡುವ ವ್ಯವಸ್ಥೆ ಇರಲಿ ಎಂದಿತು. ‘ತಾತ್ಕಾಲಿಕವಾಗಿ ಅನರ್ಹ’ ಎಂಬ ಷರಾ ಬಿದ್ದರೆ ಅದು ಜೀವನಪೂರ್ತಿ ಅನರ್ಹ ಎಂದಲ್ಲ. ಮನೋವಿಕಲತೆಯಂಥ ಕೆಲವು ಕಾಯಿಲೆಗಳಿಗೆ ಬಾಗಿಲು ಮುಚ್ಚಿಯೇ ಇರುತ್ತದೆ, ಅದನ್ನೂ ಹೇಳಬೇಕು.

ಆದ್ದರಿಂದ ತಂದೆತಾಯಂದಿರೇ, ಹೊಲ ಒತ್ತಿ ಇಡುವ ಮೊದಲು, ಫೀ ಕಟ್ಟುವ ಮೊದಲು, ಕ್ಲಾಸ್ 1 ಪರೀಕ್ಷೆ ಮಾಡಿಸಿ. ಹಳೆಯ ಚೀಟಿಗಳನ್ನು ಸುಡಬೇಡಿ, ಕಡತ ಮಾಡಿ ಜೊತೆಗೆ ಒಯ್ಯಿರಿ. ಮಗನಿಗೋ ಮಗಳಿಗೋ ಇವತ್ತೇ ಯಾರೊಡನಾದರೂ ಮಾತಾಡಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.