ಕಾರು ಹೊತ್ತವರ ಮೆರವಣಿಗೆ

ತೇರಿನ ದಿನ ಎಲ್ಲರ ಕಣ್ಣೂ ತೇರಿನ ಮೇಲೆ; ಮಿಣಿ ಹೊತ್ತು ತಂದವರನ್ನು ಕೇಳುವವರಿಲ್ಲ. ಆದರೆ ಅಮೆರಿಕದ ನಾಸ್ಕಾರ್ ಕಾರುಪಂದ್ಯಗಳ ಲೋಕದಲ್ಲಿ ಹೊತ್ತು ತಂದವರಿಗೇ ಒಂದು ಮೆರವಣಿಗೆ ಉಂಟು.

ಲಾಸ್ ವೇಗಾಸ್‌ನಲ್ಲಿ 1996ರಲ್ಲಿ ಓಟದ ಅಂಗಳವೊಂದು ತೆರೆಯಿತು. 1998ರಲ್ಲಿ ನಾಸ್ಕಾರ್‌ನ ಅಗ್ರ ಸರಣಿ ಅಲ್ಲಿಗೆ ಬಂದಿತು. ಪಂದ್ಯಕ್ಕೆ ಕೆಲವು ದಿನ ಮುಂಚೆ, ಕಾರು ಹೊರುವ ಭಾರಿ ಲಾರಿಗಳು ಜೂಜುಮನೆಗಳ ದೀಪಗಳ ನಡುವೆ ಹಾರ್ನ್ ಮೊಳಗಿಸುತ್ತ ಸಾಲಾಗಿ ಸಾಗುವುದು ಅಲ್ಲಿ ರೂಢಿಗೆ ಬಂತು. ರಸ್ತೆಯ ಇಕ್ಕೆಲದಲ್ಲೂ ಜನ ನಿಂತು ಕೈಬೀಸುತ್ತಾರೆ.

ಮೊದಲು ಇಂಥ ಲಾರಿಗಳ ಅಗತ್ಯವೇ ಇರಲಿಲ್ಲ. 1949ರ ಜೂನ್ 19ರಂದು ಷಾರ್ಲಟ್‌ನಲ್ಲಿ ಈ ಸರಣಿಯ ಮೊದಲ ಪಂದ್ಯ ನಡೆದಾಗ ಓಡಿದ್ದು ಮಾಮೂಲಿ ಕಾರುಗಳೇ. ಲೀ ಪೆಟಿ ಎಂಬಾತ ಎರವಲು ತಂದ ಬ್ಯೂಯಿಕ್ ಕಾರನ್ನು ತಾನೇ ಓಡಿಸಿಕೊಂಡು ಬಂದಿದ್ದ. ಪಂದ್ಯದಲ್ಲಿ ಅದು ಉರುಳಿಬಿತ್ತು. ಮನೆ ಸೇರಲು ಪರರ ಗಾಡಿಯೇ ಗತಿಯಾಯಿತು. ಅದೇ ಪೆಟಿ ಮುಂದೆ ಮೂರು ಬಾರಿ ಚಾಂಪಿಯನ್ ಆದ.

ಕ್ರಮೇಣ ಪಂದ್ಯದ ಕಾರು ರಸ್ತೆಯ ಕಾರಿನಿಂದ ದೂರವಾಯಿತು. ಈಗ ಅದರ ಹೆಡ್‌ಲೈಟ್ ಕೂಡ ಬರಿಯ ಅಂಟಿಸಿದ ಚಿತ್ರ. ಅತಿ ವೇಗದ ಕಾರು ಹೀಗೆ ಊರಿಂದೂರಿಗೆ ತಾನಾಗಿ ಹೋಗಲಾರದ ಕಾರಾಯಿತು. ಅದನ್ನು ಹೊರಲು ಲಾರಿ ಬೇಕಾಯಿತು.

ಈ ಲಾರಿಯ ಟ್ರೇಲರ್ ಒಂದು ಸಂಚಾರಿ ಗ್ಯಾರೇಜು. ಮೇಲಟ್ಟದಲ್ಲಿ ಎರಡು ಕಾರು: ಒಂದು ಓಡಲು, ಇನ್ನೊಂದು ಆಪತ್ತಿಗೆ. ಹಿಂಬಾಗಿಲೇ ಅವುಗಳನ್ನು ಏರಿಸಿ ಇಳಿಸುವ ಲಿಫ್ಟು. ಕೆಳಗೆ ಉಪಕರಣ, ಬಿಡಿಭಾಗಗಳ ಕಪಾಟುಗಳು. ಕೊನೆಗೆ ತಂಡದವರು ಕೂತು ಮಾತಾಡುವ ಪುಟ್ಟ ಕೋಣೆ.

ಬಹುಪಾಲು ತಂಡಗಳ ನೆಲೆ ಷಾರ್ಲಟ್‌ನ ಸುತ್ತಮುತ್ತ. ಅಲ್ಲಿಂದ ಲಾಸ್ ವೇಗಾಸ್‌ಗೆ ಸುಮಾರು 3,500 ಕಿಲೋಮೀಟರ್. ಫೆಬ್ರವರಿಯಿಂದ ನವೆಂಬರ್‌ವರೆಗೆ 36 ಪಂದ್ಯಗಳು. ಪಂದ್ಯ ಮುಗಿದು ಸವಾರ ವಿಮಾನ ಹತ್ತುವ ಹೊತ್ತಿಗೆ, ಲಾರಿ ಚಾಲಕ ಸಾಮಾನು ತುಂಬಿಸಿ ರಾತ್ರಿಯ ದಾರಿ ಹಿಡಿಯುತ್ತಾನೆ. ಮಳೆಯಿರಲಿ, ಹಿಮವಿರಲಿ, ಆತ ಹೊತ್ತಿಗೆ ತಲುಪದಿದ್ದರೆ ತಂಡಕ್ಕೆ ಪಂದ್ಯವೇ ಇಲ್ಲ. ಆದರೆ ಗೆಲುವಿನ ಚಿತ್ರದಲ್ಲಿ ಅವನ ಮುಖ ಕಾಣುವುದು ಅಪರೂಪ.

ಮೆರವಣಿಗೆಯಲ್ಲಿ ಜಾಹೀರಾತೂ ಉಂಟು, ನಿಜ. ಟ್ರೇಲರಿನ ಮೈತುಂಬ ಪ್ರಾಯೋಜಕರ ಬಣ್ಣ, ಸವಾರನ ಚಿತ್ರ. ಆದರೂ ದಾರಿಬದಿಯ ಮಗು ಕೈಯಾಡಿಸಿದಾಗ ಹಾರ್ನ್ ಒತ್ತುವುದು ಚಿತ್ರದ ಸವಾರನಲ್ಲ, ಒಳಗೆ ಕೂತ ಚಾಲಕ.

ಅಂಗಳ ಸೇರಿದ ಲಾರಿಗಳು ತಂಡಗಳ ಅಂಕಗಳ ಕ್ರಮದಲ್ಲಿ ನಿಲ್ಲುತ್ತವೆ. ಹಿಂಬಾಗಿಲು ತೆರೆಯುತ್ತದೆ, ಕಾರು ಇಳಿಯುತ್ತದೆ. ಅಲ್ಲಿಂದ ಮುಂದೆ ಎಲ್ಲರ ಕಣ್ಣೂ ಕಾರಿನ ಮೇಲೆ.